ಪ್ಲೇಟು ತಿರುಗಿತು, ಗಲ್ಲಾ ತುಂಬಿತು... ಬಡಿದವನಿಗೆ ಸಿಕ್ಕಿದ್ದೇನು?

‘ಡಿಜೆ’ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಗಣೇಶನ ಮೆರವಣಿಗೆ. ಲಾರಿ ತುಂಬ ಸ್ಪೀಕರು, ಅಂಗಡಿ ಶಟರು ಗಡಗಡ, ಎದೆ ಢವಢವ!

ಅಮೆರಿಕದ ಊರುಗಳಲ್ಲಿ ವಾರಕ್ಕೊಂದು ರಾತ್ರಿ ಬಾರಿನ ಮೂಲೆಯಲ್ಲಿ ನಿಲ್ಲುವ ಡಿಜೆ ಬೇರೆ ತರದ ಆಸಾಮಿ. ಹಿಂದೆ ನಮ್ಮ ಮದುವೆ ಮನೆಗಳಲ್ಲಿ ಪ್ಲೇಟು ಹಾಕುತ್ತಿದ್ದ ಮೈಕ್‌ಸೆಟ್ಟಿನವನಿಗೆ ದೂರದ ನೆಂಟ ಅಂದರೂ ತಪ್ಪಿಲ್ಲ. ಶನಿವಾರ ಬಾರು ತಾನಾಗಿಯೇ ತುಂಬುತ್ತದೆ. ಸೋಮವಾರವೋ ಮಂಗಳವಾರವೋ ಕುರ್ಚಿ ಖಾಲಿ ಹೊಡೆಯುವ ದಿನ ನೋಡಿ, ಅವತ್ತು ಮಾಲೀಕ ಇವನನ್ನು ಕರೆಸುತ್ತಾನೆ. ಗಿರಾಕಿ ಬಂದರೆ ಮುಂದಿನ ವಾರವೂ ಉಂಟು, ಇಲ್ಲದಿದ್ದರೆ ಪ್ಲೇಟಿನ ಪೆಟ್ಟಿಗೆ ಎತ್ತಿಕೊಂಡು ಮನೆಗೆ.

ಹಾಕುವುದು ಏನನ್ನು? ಮೂರು ಬಗೆ. ಚರ್ಚಿನ ಭಜನೆಯ ಆವೇಶ ಪ್ರೇಮದ ಹಾಡಿಗೆ ಇಳಿದು ಬಂದದ್ದು ಸೋಲ್. ರಾಗ ಹಿಂದೆ ಸರಿದು ತಾಳವೇ ಯಜಮಾನಿಕೆ ಹಿಡಿದದ್ದು ಫಂಕ್. ಹಾಡುವ ಬದಲು ಪ್ರಾಸ ಕಟ್ಟಿ ಪಟಪಟನೆ ಮಾತು ಉದುರಿಸುವುದು ಹಿಪ್‌ಹಾಪ್. ಮೂರೂ ಅಲ್ಲಿನ ಕಪ್ಪು ಜನರ ಕೇರಿಗಳಿಂದ ಬಂದವು. ಅಜ್ಜ, ಮಗ, ಮೊಮ್ಮಗ ಇದ್ದಂತೆ.

ಈ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದೇ ಕೆಲಸ. ಮೇಜಿನ ಮೇಲೆ ಎರಡು ಪ್ಲೇಟಿನ ಯಂತ್ರ, ನಡುವೆ ಸದ್ದು ಬೆರೆಸುವ ಪೆಟ್ಟಿಗೆ. ಒಂದು ಪ್ಲೇಟು ಜನರಿಗೆ ಕೇಳುತ್ತಿರುವಾಗ ಇನ್ನೊಂದು ಇವನ ಕಿವಿಗೆ ಮಾತ್ರ. ಪ್ಲೇಟಿನ ಕೆಳಗೊಂದು ನುಣುಪು ಬಟ್ಟೆ. ಕೈಯಲ್ಲಿ ಒತ್ತಿ ಹಿಡಿದರೂ ಅಡಿಯ ಚಕ್ರ ತಿರುಗುತ್ತಲೇ ಇರುತ್ತದೆ. ಬಿಟ್ಟ ಕ್ಷಣವೇ ಹಾಡು ಶುರು. 1979ರಲ್ಲಿ ಬಂದ ಟೆಕ್ನಿಕ್ಸ್ ಕಂಪನಿಯ ಯಂತ್ರದಲ್ಲಿ ವೇಗವನ್ನು ನೂರಕ್ಕೆ 8ರಷ್ಟು ಹೆಚ್ಚು ಕಡಿಮೆ ಮಾಡುವ ಗುಂಡಿ ಇತ್ತು. ಒಂದು ಹಾಡಿನ ತಾಳ ನಿಮಿಷಕ್ಕೆ 100 ಪೆಟ್ಟು, ಇನ್ನೊಂದರದ್ದು 95 ಅನ್ನಿ. ಗುಂಡಿ ಸರಿಸಿ ಹೊಂದಿಸಿದರೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಕೊಳ್ಳುತ್ತದೆ. ಕುಣಿಯುವವರ ಕಾಲಿಗೆ ಗೊತ್ತೇ ಆಗುವುದಿಲ್ಲ. ಅತಿಯಾಗಿ ಎಳೆದರೆ ಮಾತ್ರ ಹಾಡುವವನ ದನಿ ಶೀತ ಹಿಡಿದವರ ಹಾಗೆ ದಪ್ಪ!

ಬಾರಿನ ಲೆಕ್ಕವೂ ಉಂಟಲ್ಲ. ಎಲ್ಲರೂ ಕುಣಿಯುತ್ತಲೇ ಇದ್ದರೆ ಕೌಂಟರಿಗೆ ಬರುವವರು ಯಾರು? ಅದಕ್ಕೇ ಆಗಾಗ ಒಂದು ನಿಧಾನದ ಸೋಲ್. ಜಾಣ ಡಿಜೆಗೆ ಗಲ್ಲಾ ಪೆಟ್ಟಿಗೆಯ ಸದ್ದೂ ಒಂದು ತಾಳವೇ.

ಈ ಕಸುಬಿನ ಮೂಲ ಹುಡುಕಿ ಹೋದವರು ಹೆಚ್ಚಾಗಿ ಬಂದು ನಿಲ್ಲುವುದು 1973ರ ಆಗಸ್ಟ್ 11ಕ್ಕೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂ 1520ನೇ ನಂಬರಿನ ವಠಾರದಲ್ಲಿ ಒಂದು ಪಾರ್ಟಿ. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಪ್ಲೇಟು ಹಾಕಿದ್ದು ಜಮೈಕಾದಿಂದ ವಲಸೆ ಬಂದಿದ್ದ ಕೂಲ್ ಹರ್ಕ್ ಎಂಬ ಹದಿನೆಂಟರ ಹುಡುಗ. ಹಾಡುವವರೆಲ್ಲ ಸುಮ್ಮನಾಗಿ ಡ್ರಮ್ ಒಂದೇ ಮಾತಾಡುವ ತುಂಡು ಬಂದಾಗಲೇ ಜನ ಹುಚ್ಚೆದ್ದು ಕುಣಿಯುವುದನ್ನು ಹರ್ಕ್ ಗಮನಿಸಿದ್ದ. ಒಂದೇ ಹಾಡಿನ ಎರಡು ಪ್ಲೇಟು ಇಟ್ಟುಕೊಂಡ. ಇದರಲ್ಲಿ ತುಂಡು ಮುಗಿಯಿತೋ, ಅದರಲ್ಲಿ ಮತ್ತೆ ಮೊದಲಿನಿಂದ. ಹತ್ತು ಸೆಕೆಂಡಿನದು ಹತ್ತು ನಿಮಿಷ. ಹಿಪ್‌ಹಾಪ್ ಹುಟ್ಟಿದ್ದು ಈ ಚಮತ್ಕಾರದಲ್ಲಿ.

ಸರಿ. ಹಾಗಾದರೆ ಆ ಡ್ರಮ್ ಬಡಿದವರು ಯಾರು ಸ್ವಾಮಿ?

ಒಬ್ಬನ ಕತೆ ಕೇಳಿ. ಹೆಸರು ಕ್ಲೈಡ್ ಸ್ಟಬಲ್‌ಫೀಲ್ಡ್. 1943ರಲ್ಲಿ ಚಟನೂಗ ಎಂಬ ಊರಿನಲ್ಲಿ ಹುಟ್ಟಿದ್ದು. ಗುರು ಇಲ್ಲ, ಪಾಠ ಇಲ್ಲ. ಕಾರ್ಖಾನೆಯ ಸದ್ದು, ರೈಲಿನ ಸದ್ದು, ಇವೇ ಪಾಠಶಾಲೆ. ಬಸ್ಸಿನ ಕಿಟಕಿ ಗಾಜು ಕಟಕಟ ಅಂದಾಗ ಸೀಟಿನಲ್ಲಿ ಕೂತವರ ಬೆರಳು ತಾನಾಗಿ ಕಂಬಿ ತಟ್ಟುತ್ತದಲ್ಲ, ಹಾಗೆ. 1965ರಲ್ಲಿ ಫಂಕ್‌ನ ದೊರೆ ಜೇಮ್ಸ್ ಬ್ರೌನ್‌ನ ತಂಡ ಸೇರಿದ. 1969ರ ನವೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ‘ಫಂಕಿ ಡ್ರಮ್ಮರ್’ ಎಂಬ ಹಾಡು ಧ್ವನಿಮುದ್ರಣವಾಯಿತು. ಅದರಲ್ಲಿ ಬರೀ ಕ್ಲೈಡ್ ಬಡಿಯುವ ತುಂಡು ಸುಮಾರು 20 ಸೆಕೆಂಡು. ಜೋರು ಪೆಟ್ಟುಗಳ ನಡುವೆ ಎಡಗೈಯ ಗುಸುಗುಸು ಪೆಟ್ಟು.

ಆ 20 ಸೆಕೆಂಡು ಎಲ್ಲೆಲ್ಲಿಗೆ ಹೋಯಿತು ನೋಡಿ! ಯಂತ್ರದಿಂದ ಕತ್ತರಿಸಿ ಅಂಟಿಸುವ ವಿದ್ಯೆ ಬಂದ ಮೇಲೆ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಳಕೆಯಾಯಿತು. ಪಬ್ಲಿಕ್ ಎನಿಮಿ ತಂಡದ 1989ರ ಹೆಸರಾಂತ ‘ಫೈಟ್ ದ ಪವರ್’ನಲ್ಲೂ ಅದೇ. ಬಾರಿನ ಡಿಜೆ ಹಳೇ ಫಂಕ್ ಹಾಕಿ, ಅದರ ಬೆನ್ನಿಗೇ ಅದರಿಂದಲೇ ಹುಟ್ಟಿದ ಹಿಪ್‌ಹಾಪ್ ಹಾಕಿದರೆ ಗೊತ್ತಿದ್ದವರು ಹೋ ಎನ್ನುತ್ತಾರೆ.

ಕ್ಲೈಡ್ ಕೈಗೆ ಬಂದದ್ದು? ರಾಯಲ್ಟಿ ಎಂಬ ಬಾಬ್ತಿನಲ್ಲಿ ಸೊನ್ನೆ. ಹಾಡು ಕಟ್ಟಿದವನು ಎಂಬ ಕಾಲಮಿನಲ್ಲಿದ್ದ ಹೆಸರು ಜೇಮ್ಸ್ ಬ್ರೌನ್ ಒಂದೇ. ಡ್ರಮ್ಮಿನವ ಕೂಲಿಗೆ ಬಡಿದವ, ಕೂಲಿ ಆಯಿತು, ಲೆಕ್ಕ ಚುಕ್ತಾ! ಅಂಗಡಿಯ ಬೋರ್ಡಿನಲ್ಲಿ ಮಾಲೀಕನ ಹೆಸರು ಇರಲಿ, ತಪ್ಪೇನಿಲ್ಲ. ಆದರೆ ಜನ ಸಾಲುಗಟ್ಟಿ ಬಂದದ್ದು ಅಡುಗೆಭಟ್ಟನ ಕೈರುಚಿಗಲ್ಲವೇ? ಕಾನೂನಿಗೆ ಆ ಕೈ ಕಾಣಲಿಲ್ಲ. ತನಗೇನೂ ಬೇಸರವಿಲ್ಲ, ಆದರೆ ಬಳಸಿಕೊಂಡು ಕಾಸು ಕೊಡದಿರುವುದು ಮರ್ಯಾದೆಯಲ್ಲ ಎಂಬ ಅರ್ಥದ ಮಾತನ್ನು 2011ರಲ್ಲಿ ಪತ್ರಿಕೆಯೊಂದಕ್ಕೆ ಆತ ಹೇಳಿದ್ದ.

ಹೊಟ್ಟೆಪಾಡು? 1970ರ ದಶಕದ ಆರಂಭದಲ್ಲಿ ಬ್ರೌನ್ ತಂಡ ಬಿಟ್ಟು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನೆಲೆಸಿದ್ದ. ಅಲ್ಲಿ ತನ್ನದೇ ತಂಡ ಕಟ್ಟಿಕೊಂಡು ಪೇಟೆ ನಡುವೆ ಪ್ರತಿ ಸೋಮವಾರ ರಾತ್ರಿ ಬಾರಿಸುತ್ತಿದ್ದ, ಸುಮಾರು ಇಪ್ಪತ್ತು ವರ್ಷ. ಊರೂರ ಬಾರುಗಳಲ್ಲಿ ಡಿಜೆಗಳು ಅವನ ಪ್ಲೇಟು ತಿರುಗಿಸುತ್ತಿದ್ದ ಕಾಲಕ್ಕೇ ಆ ಪ್ಲೇಟಿನ ಒಡೆಯ ಕೆಲವೇ ಮಾರು ದೂರದಲ್ಲಿ ಕೂತ ಗಿರಾಕಿಗಳಿಗೆ ಖುದ್ದಾಗಿ ಬಡಿಯುತ್ತಿದ್ದ!

2000ದ ಹೊತ್ತಿಗೆ ಕ್ಯಾನ್ಸರು. ಆರೋಗ್ಯ ವಿಮೆ ಇಲ್ಲ. ಹತ್ತಾರು ಸಾವಿರ ಡಾಲರಿನ ಬಿಲ್ಲನ್ನು ಗುಟ್ಟಾಗಿ ಕಟ್ಟಿದ್ದು ಗಾಯಕ ಪ್ರಿನ್ಸ್. 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲಷ್ಟೇ ಕ್ಲೈಡ್ ಅದನ್ನು ಬಾಯಿಬಿಟ್ಟು ಹೇಳಿದ್ದು. ಆಮೇಲೆ ಕಿಡ್ನಿ ಕೈಕೊಟ್ಟಿತು. 2011ರಲ್ಲಿ ಸೋಮವಾರದ ಕಾರ್ಯಕ್ರಮವನ್ನು ಬಂಧುವಿನ ಮಗನಿಗೆ ಒಪ್ಪಿಸಿ ಎದ್ದ. 2017ರ ಫೆಬ್ರವರಿ 18ರಂದು ಮ್ಯಾಡಿಸನ್‌ನಲ್ಲೇ ಕೊನೆಯುಸಿರು. ಅದೇ ವರ್ಷ ಆ ಊರಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ತೆಗೆದುಕೊಳ್ಳಲು ಆತ ಇರಲಿಲ್ಲ.