ದೀಪ ಕಟ್ಟುವ ಮೊದಲೇ ಬೆಳಕು

ಹೊಸ ನಾಟಕದ ಮೊದಲ ಮಾತುಕತೆಗೆ ಎಲ್ಲರೂ ಏನಾದರೊಂದು ಹಿಡಿದುಕೊಂಡೇ ಬರುತ್ತಾರೆ. ರಂಗಸಜ್ಜಿಕೆಯವರ ಬಳಿ ರಟ್ಟಿನ ಮಾದರಿ, ವಸ್ತ್ರವಿನ್ಯಾಸಕರ ಬಳಿ ಬಟ್ಟೆಯ ತುಂಡುಗಳು. ಸಂಗೀತದವರು ಹಾರ್ಮೋನಿಯಂ ಮುಂದೆ ಕೂತು ಎರಡು ಸಾಲು ಹಾಡಿಯೇ ತೋರಿಸುತ್ತಾರೆ. ಬೆಳಕಿನ ವಿನ್ಯಾಸಕರಿಗೆ ಮಾತ್ರ ಮಾತೇ ಗತಿಯಾಗಿತ್ತು. ‘ಇಲ್ಲಿ ಸಂಜೆ ಬೆಳಕು, ಎಡಗಡೆಯಿಂದ, ಸ್ವಲ್ಪ ತಣ್ಣಗೆ’ ಎಂದರೆ ನಿರ್ದೇಶಕರು ತಲೆಯಾಡಿಸುತ್ತಾರೆ. ಒಬ್ಬರು ನೆನೆದ ಸಂಜೆ ಬೇರೆ, ಇನ್ನೊಬ್ಬರದು ಬೇರೆ ಎಂದು ತಿಳಿಯುವುದು ಪ್ರದರ್ಶನದ ದಿನ, ದೀಪಗಳೆಲ್ಲ ಮೇಲೇರಿದ ಮೇಲೆ. ಆಗ ಬದಲಾಯಿಸಲು ಹೊತ್ತಿರುವುದಿಲ್ಲ.

ಬೆಳಕನ್ನು ಮೊದಲೇ ಕಾಣುವ ಹಂಬಲ ಹಳೆಯದು. ಸ್ವಿಟ್ಜರ್ಲೆಂಡಿನ ಅಡಾಲ್ಫ್ ಆಪಿಯಾ 19ನೇ ಶತಮಾನದ ಕೊನೆಯಲ್ಲಿ ವಾಗ್ನರ್ ಅವರ ಸಂಗೀತನಾಟಕಗಳಿಗೆ ಇದ್ದಿಲಿನಲ್ಲಿ ಬಿಡಿಸಿದ ಚಿತ್ರಗಳಲ್ಲಿ ಮರ, ಕಂಬ, ಮೆಟ್ಟಿಲುಗಳಿಗಿಂತ ಅವುಗಳ ಮೇಲೆ ಬಿದ್ದ ಬೆಳಕು-ನೆರಳೇ ಮುಖ್ಯ. ಮುಂದಿನವರು ರಂಗದ ಸಣ್ಣ ಮಾದರಿ ಮಾಡಿ ಪುಟ್ಟ ದೀಪಗಳನ್ನು ಹಿಡಿದು ನೋಡಿದರು. ಆ ಪದ್ಧತಿ ಇಂದಿಗೂ ಇದೆ, ಕಲಿಯುವವರಿಗೆ ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ಕಂಪ್ಯೂಟರ್ ಈ ಕೆಲಸಕ್ಕೆ ಬಂದದ್ದು ನಾಟಕದವರಿಗಿಂತ ಹೆಚ್ಚಾಗಿ ರಾಕ್ ಸಂಗೀತದವರ ಒತ್ತಾಯದಿಂದ. 1981ರಲ್ಲಿ ಜೆನೆಸಿಸ್ ತಂಡ ತನ್ನ ಪ್ರವಾಸಕ್ಕೆ ವೇರಿ-ಲೈಟ್ ಎಂಬ, ತಾನಾಗಿ ತಿರುಗಿ ಬಣ್ಣ ಬದಲಿಸುವ ದೀಪಗಳನ್ನು ಒಯ್ದಿತು. 1986ರಲ್ಲಿ ಡಿಎಂಎಕ್ಸ್ 512 ಎಂಬ ಸಂಕೇತಪದ್ಧತಿ ಬಂತು. ಒಂದು ತಂತಿಯಲ್ಲಿ 512 ಚಾನೆಲ್, ಪ್ರತಿ ಚಾನೆಲ್ಲಿಗೆ 0ಯಿಂದ 255ರವರೆಗೆ ಬೆಲೆ. ತಿರುಗುವ ದೀಪವೊಂದಕ್ಕೇ ಹತ್ತಿಪ್ಪತ್ತು ಚಾನೆಲ್ ಬೇಕು. ಅಂಥ ನೂರು ದೀಪಗಳನ್ನು ಬಾಡಿಗೆ ಕ್ರೀಡಾಂಗಣದಲ್ಲಿ ನಿಂತು ಒಂದೊಂದಾಗಿ ಪ್ರೋಗ್ರಾಂ ಮಾಡುವುದೆಂದರೆ ದುಡ್ಡು ನೀರಾದಂತೆ. 1994ರಲ್ಲಿ ಟೊರಾಂಟೊದ ಕಾಸ್ಟ್ ಸಂಸ್ಥೆ ಬೆಳಕನ್ನು ಕಂಪ್ಯೂಟರ್ ಪರದೆಯ ಮೇಲೇ ತೋರಿಸುವ ವಿಸಿವಿಗ್ ತಂತ್ರಾಂಶ ತಂದಾಗ ಆ ಕೆಲಸ ಕೋಣೆಯೊಳಗೆ ಬಂತು. ಆಮೇಲೆ ಸ್ವೀಡನ್ನಿನ ಕ್ಯಾಪ್ಚರ್, ವೆಕ್ಟರ್‌ವರ್ಕ್ಸ್‌ನ ವಿಷನ್ ಹೀಗೆ ಹಲವು ಬಂದವು. 2020ರಲ್ಲಿ ಇಟಿಸಿ ಕಂಪನಿ ದೀಪಗಳನ್ನು ನಿಯಂತ್ರಿಸುವ ತನ್ನ ಇಯಾಸ್ ಕನ್ಸೋಲಿನ ತಂತ್ರಾಂಶದೊಳಗೇ ಆಗ್ಮೆಂಟ್ ತ್ರೀಡಿ ಎಂಬ ಇಂಥದೇ ಸಾಧನ ಸೇರಿಸಿತು. ಲ್ಯಾಪ್‌ಟಾಪಿನಲ್ಲಿ ಆಫ್‌ಲೈನ್ ಕಲಿಯಲು ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಇವೆಲ್ಲ ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ. ರಂಗದ ಅಳತೆ ಕೊಟ್ಟು ವೇದಿಕೆ, ವಿಂಗ್, ಸೈಕ್ (ಹಿಂಬದಿಯ ದೊಡ್ಡ ಪರದೆ), ದೀಪ ತೂಗುಹಾಕುವ ಮೇಲಿನ ಬಾರ್‌ಗಳನ್ನು ಕಟ್ಟುತ್ತೀರಿ. ತಂತ್ರಾಂಶದ ಭಂಡಾರದಿಂದ ದೀಪಗಳನ್ನು ಆರಿಸಿ ಬಾರಿಗೆ ತೂಗುಹಾಕುತ್ತೀರಿ. ಪ್ರತಿ ದೀಪದ ಕಿರಣದ ಕೋನ, ಪ್ರಖರತೆ ಅಲ್ಲಿ ಮೊದಲೇ ದಾಖಲಾಗಿರುತ್ತದೆ. 26 ಡಿಗ್ರಿಯ ಪ್ರೊಫೈಲ್ ದೀಪ 6 ಮೀಟರ್ ದೂರದಲ್ಲಿ ಸುಮಾರು 2.8 ಮೀಟರ್ ಅಗಲದ ವೃತ್ತ ಬಿಡಿಸುತ್ತದೆ, 36 ಡಿಗ್ರಿಯದು 3.9 ಮೀಟರ್. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನೆಲ್ಲ ಯಂತ್ರ ತಾನೇ ಮಾಡುತ್ತದೆ. ಕನ್ಸೋಲ್ ಕಳಿಸುವ ಡಿಎಂಎಕ್ಸ್ ಸಂಕೇತವನ್ನು ನಿಜವಾದ ದೀಪದ ಬದಲು ಪರದೆಯ ಮೇಲಿನ ದೀಪ ಓದುತ್ತದೆ, ಅಷ್ಟೇ.

ಈ ಸಾಧನವನ್ನು ಬಹಳ ಮಂದಿ ಕೊನೆಯಲ್ಲಿ ಬಳಸುತ್ತಾರೆ. ವಿನ್ಯಾಸವೆಲ್ಲ ತೀರ್ಮಾನವಾದ ಮೇಲೆ ಕ್ಯೂಗಳನ್ನು, ಅಂದರೆ ಬೆಳಕು ಬದಲಾಗುವ ಘಟ್ಟಗಳನ್ನು, ತುಂಬಿಸಿಕೊಳ್ಳುವುದಕ್ಕೆ. ಅದೂ ಸರಿಯೇ, ಸಮಯ ಉಳಿಯುತ್ತದೆ. ಆದರೆ ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಮೊದಲ ವಾರದಲ್ಲಿ, ನಾಟಕ ಇನ್ನೂ ಓದಿನ ಹಂತದಲ್ಲಿರುವಾಗ, ಯಾರೂ ಯಾವುದಕ್ಕೂ ಅಂಟಿಕೊಂಡಿಲ್ಲದಾಗ.

ಒಂದು ಉದಾಹರಣೆ ನೋಡೋಣ. ಪರದೆಯ ಮೇಲೆ ಬಣ್ಣವಿಲ್ಲದ ಬರಿಯ ಬೂದು ವೇದಿಕೆ. ನಡುವೆ 1.7 ಮೀಟರ್ ಎತ್ತರದ ಒಂದು ಆಕೃತಿ, ಅದರ ಹಿಂದೆ 2 ಮೀಟರ್ ಬಿಟ್ಟು ಹಿನ್ನೆಲೆಯ ಪರದೆ. ಒಂದೇ ಒಂದು ದೀಪ. ಅದನ್ನು ಎದುರಿನಿಂದ, ಕಿರಣ ನೆಲಕ್ಕೆ 45 ಡಿಗ್ರಿಯಲ್ಲಿ ಬೀಳುವಂತೆ ಇಟ್ಟರೆ ನೆರಳೂ 1.7 ಮೀಟರ್ ಉದ್ದವಾಗಿ ನೆಲದ ಮೇಲೇ ಮುಗಿಯುತ್ತದೆ. ಅದನ್ನೇ 30 ಡಿಗ್ರಿಗೆ ಇಳಿಸಿದರೆ ನೆರಳು 2.9 ಮೀಟರ್ ಚಾಚಿಕೊಂಡು, ಹಿಂದಿನ ಪರದೆಯನ್ನು ಅರ್ಧ ಮೀಟರಿಗೂ ಮಿಕ್ಕಿ ಹತ್ತುತ್ತದೆ. ಸಾಮಾನ್ಯವಾಗಿ ಇದನ್ನು ದೋಷವೆಂದೇ ಎಣಿಸುತ್ತಾರೆ. ಆದರೆ ನಿರ್ದೇಶಕರು ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ‘ಆ ನೆರಳು ಇರಲಿ, ಅವನು ಸುಳ್ಳು ಹೇಳುವಾಗ ಅದು ಬೆಳೆಯಲಿ’ ಎನ್ನಬಹುದು. ಅಲ್ಲಿಂದ ನಟನ ಚಲನೆಯೇ ಬದಲಾಗುತ್ತದೆ, ಸಜ್ಜಿಕೆಯವರು ಹಿನ್ನೆಲೆಯ ಪರದೆಯನ್ನು ಒಂದು ಮೀಟರ್ ಮುಂದೆ ತರುತ್ತಾರೆ. ಬೆಳಕು ಕೊನೆಗೆ ಬಂದು ಬಳಿಯುವ ಬಣ್ಣವಾಗದೆ ನಾಟಕ ಕಟ್ಟುವವರ ಸಾಲಿನಲ್ಲಿ ಕೂರುವುದು ಹೀಗೆ.

ಈ ಹಂತದಲ್ಲಿ ಚಿತ್ರ ತುಂಬ ಚೆಂದವಾಗಿದ್ದರೆ ಅಪಾಯ. ಹೊಗೆ, ಹೊಳೆಯುವ ನೆಲ, ಗಾಜಿನಂಥ ಕಿರಣಗಳು ಎಲ್ಲ ಸೇರಿಸಿ ತೋರಿಸಿದರೆ ಎಲ್ಲರೂ ಅದಕ್ಕೇ ಮರುಳಾಗಿ, ಚಿತ್ರವನ್ನೇ ನಾಟಕವೆಂದು ಒಪ್ಪಿಬಿಡುತ್ತಾರೆ. ಅದಕ್ಕೇ ಬೂದು ಬಣ್ಣ, ಒಂದೇ ದೀಪ. ಎರಡನೆಯ ದೀಪ ಬೇಕೆಂದು ದೃಶ್ಯವೇ ಕೇಳುವವರೆಗೆ ಕಾಯಬೇಕು.

ಕಂಪ್ಯೂಟರ್ ಪರದೆಗೆ ಮಿತಿಗಳೂ ಇವೆ. ಮಾನಿಟರ್ ತಾನೇ ಬೆಳಗುವ ವಸ್ತು, ಅದರಲ್ಲಿ ನಿಜವಾದ ಕತ್ತಲೆ ಸಿಗುವುದಿಲ್ಲ. ಬ್ಲ್ಯಾಕ್‌ಔಟ್ ಆಗಿ ಅರೆಗಳಿಗೆಯ ಮೇಲೆ ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡು ಮಂದ ಬೆಳಕಿನಲ್ಲೂ ಮುಖ ಗುರುತಿಸುತ್ತದಲ್ಲ, ಅದನ್ನು ಯಾವ ತಂತ್ರಾಂಶವೂ ಕೊಡಲಾರದು. ರೇಷ್ಮೆ ಸೀರೆ ಎಲ್‌ಇಡಿ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಸೀರೆಯನ್ನೇ ಹಿಡಿದು ನೋಡಬೇಕು. ಭಂಡಾರದಲ್ಲಿಲ್ಲದ ಉಪಾಯಗಳೂ ಅಲ್ಲಿ ಹುಟ್ಟುವುದಿಲ್ಲ. 1959ರಲ್ಲಿ ಕಲ್ಕತ್ತೆಯ ಮಿನರ್ವ ಥಿಯೇಟರಿನಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ತಾಪಸ್ ಸೇನ್ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಏರುವುದನ್ನು ಬೆಳಕಿನಲ್ಲೇ ತೋರಿಸಿದರು. ಅಂಥದ್ದು ದೀಪಗಳ ಜೊತೆ ಕೈಯಾಡಿಸಿದವರಿಗೆ ಹೊಳೆಯುವ ಸಂಗತಿ.

ನಮ್ಮ ಕಡೆ ಈ ಸಾಧನದ ಅಗತ್ಯ ಎಷ್ಟೆಂದು ಹವ್ಯಾಸಿ ತಂಡಗಳಲ್ಲಿ ದುಡಿದವರನ್ನು ಕೇಳಬೇಕು. ಬೆಳಿಗ್ಗೆ ಸಭಾಂಗಣ ಕೈಗೆ ಸಿಗುತ್ತದೆ, ಬಾಡಿಗೆ ದೀಪಗಳು ಬಂದಿಳಿಯುತ್ತವೆ, ಸಂಜೆಗೆ ಪ್ರದರ್ಶನ. ಏಣಿ ಹತ್ತಿ ಫೋಕಸ್ ಮಾಡುವಷ್ಟರಲ್ಲಿ ಮೂರನೇ ಬೆಲ್ ಹತ್ತಿರವಾಗಿರುತ್ತದೆ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಂ ತಿರುಗಾಟದಂಥ ತಂಡಕ್ಕಂತೂ ಊರಿಗೊಂದು ರಂಗ. ಮೊದಲೇ ಪರದೆಯ ಮೇಲೆ ಕಟ್ಟಿನೋಡಿದ ವಿನ್ಯಾಸವಿದ್ದರೆ ಯಾವ ದೀಪ ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಡಲೇಬಾರದು ಎಂದು ಗೊತ್ತಿರುತ್ತದೆ.

ಇದಕ್ಕೆ ಬೇಕಾದದ್ದು ದುಬಾರಿ ಯಂತ್ರಕ್ಕಿಂತ ಮೊದಲು ರಂಗಮಂದಿರಗಳ ಸರಿಯಾದ ಅಳತೆ. ನೆಲದಿಂದ ಬಾರಿಗೆ ಎಷ್ಟು ಎತ್ತರ, ಮುಂದಿನ ಬಾರ್ ವೇದಿಕೆಯಂಚಿನಿಂದ ಎಷ್ಟು ದೂರ, ಯಾವ ಡಿಮ್ಮರಿಗೆ ಯಾವ ಸಾಕೆಟ್. ಅಳತೆಯಲ್ಲಿ ಅರ್ಧ ಮೀಟರ್ ತಪ್ಪಿದರೂ ಮೇಲೆ ಹೇಳಿದ ನೆರಳಿನ ಲೆಕ್ಕವೇ ಕೆಡುತ್ತದೆ. ಅನೇಕ ಕಡೆ ಇದನ್ನು ವಿನ್ಯಾಸಕರೇ ಟೇಪು ಹಿಡಿದು ಹೋಗಿ ಅಳೆದುಕೊಳ್ಳಬೇಕು. ಜಿಲ್ಲೆಗೊಂದು ರಂಗಮಂದಿರ ಕಟ್ಟುವ ಸರ್ಕಾರ ಒಂದೊಂದರ ನಕ್ಷೆಯನ್ನೂ ಬುಕಿಂಗ್ ರಸೀದಿಯ ಜೊತೆಗೇ ತಂಡದ ಕೈಗೆ ಕೊಡುವಂತಾಗಬೇಕು.