ಬರಿಯ ಮನೆಯ ದನಿ

ಸಾಮಾನುಗಳಿನ್ನೂ ಬಾರದ ಹೊಸ ಮನೆಯಲ್ಲಿ ನಮ್ಮ ದನಿಯೇ ನಮಗೆ ಅಪರಿಚಿತವಾಗಿ ಕೇಳಿಸುವುದನ್ನು ವಾಚಕರು ಗಮನಿಸಿರಬಹುದು. ಒಬ್ಬರು ಕೆಮ್ಮಿದರೆ ಕೋಣೆಯೇ ಕೆಮ್ಮಿದಂತಾಗುತ್ತದೆ. ಕಳೆದ ವರ್ಷ ನಾವು ಹಳ್ಳಿಯ ಮಣ್ಣಿನ ಮನೆಯನ್ನು ಬಿಟ್ಟು ಪಟ್ಟಣದ ಬಾಡಿಗೆ ಮನೆಗೆ ಬಂದೆವು. ಕಿವಿ ತುಸು ಮಂದವಾಗಿರುವ ನನ್ನ ತಾಯಿ ಮೂರು ದಿನ ಮಾತನ್ನೇ ಕಡಮೆ ಮಾಡಿದರು. “ತಮ್ಮಾ, ಇಲ್ಲಿ ನೀವು ಆಡುವ ಮಾತು ಒಂದೂ ತಿಳಿಯದು. ನನ್ನನ್ನು ಊರಿಗೇ ಕಳಿಸು” ಎಂದರು. ಕಿವಿ ಪೂರ್ತಿ ಕೆಟ್ಟಿತೆಂದು ಅವರು ಬಗೆದಿದ್ದರು. ಭೌತವಿಜ್ಞಾನವನ್ನು ಬೋಧಿಸುವ ನನಗೂ ನಿಜವಾದ ಕಾರಣ ಒಡನೆ ಹೊಳೆಯಲಿಲ್ಲವೆಂಬುದು ನಾಚಿಕೆಯ ಸಂಗತಿ.

ಶಬ್ದವು ವಾಯುವಿನಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. 4 ಮೀಟರು ಅಂತರದ ಎರಡು ಗೋಡೆಗಳಿಗೆ ಅದು ಸೆಕೆಂಡಿಗೆ 85 ಸಲ ತಾಗಬಲ್ಲುದು. ನುಣುಪಾದ ಗಾರೆಗೋಡೆ ಪ್ರತಿ ಸಲವೂ ಶಬ್ದಶಕ್ತಿಯ ನೂರರಲ್ಲಿ ಎರಡು ಮೂರು ಪಾಲನ್ನು ಮಾತ್ರ ಹೀರಿ, ಉಳಿದುದನ್ನು ಹಿಂದಿರುಗಿಸುತ್ತದೆ. ಗೋಳಗುಮ್ಮಟದಲ್ಲಿ ಕೇಳುವಂತಹ ಬಿಡಿ ಪ್ರತಿಧ್ವನಿಗೆ ಗೋಡೆಯು ಸುಮಾರು 17 ಮೀಟರಾದರೂ ದೂರವಿರಬೇಕು. ಸಣ್ಣ ಕೋಣೆಯಲ್ಲಾದರೋ ಮರಳಿದ ದನಿಗಳು ಒಂದರ ಮೇಲೊಂದು ಬಿದ್ದು ಬಾಲದಂತೆ ಎಳೆಯುತ್ತವೆ. ಇದೇ ಅನುರಣನ. ನಮ್ಮ ಮಾತಿನಲ್ಲಿ ಸ್ವರಗಳು ಬಲವಾದವು, ವ್ಯಂಜನಗಳು ಕ್ಷೀಣವಾದವು. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ನುಂಗಿಬಿಡುತ್ತದೆ. ಎಳೆಯ ಕಿವಿ ಹೇಗೋ ಊಹಿಸಿಕೊಳ್ಳುತ್ತದೆ. ಮುಪ್ಪಿನ ಕಿವಿಗೆ ಅದು ಸಾಧ್ಯವಾಗದು.

ಇದನ್ನು ಮೊದಲು ಅಳೆದವನು ಅಮೆರಿಕದ ಹಾರ್ವರ್ಡಿನಲ್ಲಿದ್ದ ವಾಲೆಸ್ ಸೇಬಿನ್. ಡಾಕ್ಟರೇಟ್ ಇಲ್ಲದ, ಎಂ.ಎ. ಮಾತ್ರ ಆಗಿದ್ದ ತರುಣ ಅಧ್ಯಾಪಕ. (ನನ್ನಂಥವರಿಗೆ ಇದು ಸಮಾಧಾನದ ಮಾತು.) ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಸುಮಾರು 5.5 ಸೆಕೆಂಡು ಕೇಳಿಸುತ್ತಲೇ ಇರುತ್ತಿತ್ತು. 1895ರಲ್ಲಿ ಆ ದೋಷವನ್ನು ಸರಿಪಡಿಸುವ ಹೊಣೆ ಅವನಿಗೆ ಬಂದಿತು. ಆತನು ರಾತ್ರಿಯ ವೇಳೆ ಸಮೀಪದ ನಾಟ್ಯಶಾಲೆಯಿಂದ ಪೀಠದ ಮೆತ್ತೆಗಳನ್ನು ತರಿಸಿ ಹಾಸಿ, ಆರ್ಗನ್ ಕೊಳವೆಯನ್ನು ಊದಿಸಿ, ಸದ್ದಡಗುವ ಕಾಲವನ್ನು ಅಳೆದನು. ಮೆತ್ತೆಗಳು ಹೆಚ್ಚಿದಂತೆ ಕಾಲವು 1 ಸೆಕೆಂಡಿನ ಹತ್ತಿರಕ್ಕೆ ಇಳಿಯಿತು. ತೆರೆದ ಕಿಟಕಿಯಿಂದ ಶಬ್ದವು ಮರಳಿ ಬಾರದಷ್ಟೆ. ಆದುದರಿಂದ ಹೀರಿಕೆಯನ್ನು ಅಷ್ಟು ಚದರ ಮೀಟರು ತೆರೆದ ಕಿಟಕಿಯೆಂದು ಎಣಿಸಬಹುದು. ಕೋಣೆಯ ಘನ ಮೀಟರುಗಳನ್ನು ಈ ಚದರ ಮೀಟರುಗಳಿಂದ ಭಾಗಿಸಿ 0.16ರಿಂದ ಗುಣಿಸಿದರೆ, ಶಬ್ದಶಕ್ತಿಯು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುವ ಕಾಲ ದೊರೆಯುತ್ತದೆ.

ನಮ್ಮ ಕೋಣೆ 36 ಘನ ಮೀಟರು. ಬರಿದಾಗಿದ್ದಾಗ ಹೀರಿಕೆ 2. ಕಾಲ ಸುಮಾರು 2.9 ಸೆಕೆಂಡು. ನಾಲ್ಕನೆಯ ದಿನ ಲಾರಿ ಬಂದಿತು. ಸ್ಟೀಲಿನ ಪಾತ್ರೆ, ಕನ್ನಡಿಗಳಿಂದ ಈ ವಿಷಯದಲ್ಲಿ ಪ್ರಯೋಜನವೇನೂ ಇಲ್ಲ. ಹಾಸಿಗೆಗಳು ಬಂದವು, ಹಳೆಯ ಸೀರೆಗಳನ್ನು ಪದರಪದರವಾಗಿಟ್ಟು ತಾಯಿ ಹೊಲಿದಿದ್ದ ಎರಡು ಕೌದಿಗಳೂ ಬಂದವು. ಬಟ್ಟೆಯ ಎಳೆಗಳ ನಡುವೆ ಅಲುಗಾಡುವ ವಾಯುವು ಎಳೆಗಳಿಗೆ ತಿಕ್ಕಿ, ಶಬ್ದಶಕ್ತಿಯು ಅತ್ಯಲ್ಪ ಉಷ್ಣವಾಗಿ ಮಾರ್ಪಡುತ್ತದೆ. ಕೌದಿಗಳನ್ನು ಗೋಡೆಗೆ ಅಂಟಿಸದೆ ಒಂದು ಗೇಣಿನ ಅರ್ಧದಷ್ಟು ಮುಂದೆ ಹಗ್ಗದ ಮೇಲೆ ಇಳಿಬಿಟ್ಟೆನು. ಗೋಡೆಯ ಬಳಿ ವಾಯುಕಣಗಳ ಚಲನೆ ಇಲ್ಲವೆನ್ನುವಷ್ಟು ಕಡಮೆ. ತರಂಗದೂರದ ಕಾಲುಭಾಗದಷ್ಟು ಈಚೆಗೆ ಅದು ಅತ್ಯಧಿಕ. ಸೆಕೆಂಡಿಗೆ 1000 ಕಂಪನಗಳ ದನಿಗೆ ಆ ದೂರ 8.5 ಸೆಂಟಿಮೀಟರು. ನೆರೆಯವರು ನಕ್ಕರು, ನಗಲಿ. ಮನೆಯ ಜನರನ್ನೂ ಸೇರಿಸಿ ಹೀರಿಕೆ ಸುಮಾರು 8 ಆಯಿತೆಂದು ನನ್ನ ಅಂದಾಜು; ಕಾಲ 0.7 ಸೆಕೆಂಡು.

ತಗ್ಗು ದನಿಗಳ ತರಂಗಗಳು ಉದ್ದವಾದುದರಿಂದ ಕೌದಿ ಅವನ್ನು ತಡೆಯಲಾರದು. ಬೀದಿಯ ಲಾರಿಗಳ ಗುಡುಗು ಇಂದಿಗೂ ಹಾಗೆಯೇ ಇದೆ. ಆದರೆ ಆ ರಾತ್ರಿ ನಾನೂ ನನ್ನ ಹೆಂಡತಿಯೂ ಮೆಲ್ಲನೆ ಆಡಿಕೊಂಡ ಮನೆ ಬಾಡಿಗೆಯ ಮಾತಿಗೆ, ಗೋಡೆಯ ಕಡೆ ಹೊರಳಿ ಮಲಗಿದ್ದ ತಾಯಿ ಅಲ್ಲಿಂದಲೇ ಉತ್ತರ ಕೊಟ್ಟರು.