ಮನೆಯಲ್ಲಿ ಫ್ಯಾಕ್ಟರ್ ಇದೆಯೇ? ಪೆಟ್ಟಿಗೆಯ ಮೇಲೆ ದಿನಾಂಕ ಬರೆಯಿರಿ

ಸುನ್ನತ್ ಮಾಡಿಸಿದ ಮಗುವಿನ ರಕ್ತ ಗಂಟೆಗಳು ಕಳೆದರೂ ನಿಲ್ಲದಿದ್ದಾಗಲೇ ಎಷ್ಟೋ ಮನೆಗಳಿಗೆ ಹಿಮೋಫಿಲಿಯಾ ಎಂಬ ಹೆಸರು ಮೊದಲ ಬಾರಿ ಗೊತ್ತಾಗುವುದು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು, ಅಂದರೆ ಫ್ಯಾಕ್ಟರ್ 8 ಅಥವಾ 9, ಈ ಮಕ್ಕಳಲ್ಲಿ ಸಾಕಷ್ಟು ಇರುವುದಿಲ್ಲ. ಮಗುವಿನ ಅಣ್ಣನಿಗೋ ಸೋದರಮಾವನಿಗೋ ಈ ತೊಂದರೆ ಇದ್ದರೆ ಸುನ್ನತ್‌ಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿ.

ಕೊರತೆಯಾದ ಫ್ಯಾಕ್ಟರನ್ನು ರಕ್ತನಾಳಕ್ಕೆ ಚುಚ್ಚುಮದ್ದಾಗಿ ಕೊಡುತ್ತಾರೆ. ನಾನು ಯುನಾನಿ ವೈದ್ಯ. ಇದಕ್ಕೆ ಬದಲಿಯಾಗುವ ಔಷಧ ನಮ್ಮ ಪದ್ಧತಿಯಲ್ಲಿಲ್ಲ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಈ ಮಕ್ಕಳಿಗೆ ಹಿಜಾಮಾ ಮಾಡಿಸಲೇಬೇಡಿ.

ಹಿಂದೆ ಈ ಔಷಧವನ್ನು ಹೆಪ್ಪುಗಟ್ಟಿಸಿ ಆಸ್ಪತ್ರೆಯಲ್ಲೇ ಇಡಬೇಕಾಗಿತ್ತು. ಒಣ ಪುಡಿಯಾಗಿ ಬಂದ ಮೇಲೆ ಅದು ಮನೆಯ ಫ್ರಿಜ್‌ಗೆ ಬಂತು. ಕೀಲಿನೊಳಗೆ ರಕ್ತ ಸೋರಲು ತೊಡಗಿದಾಗ ಪ್ರತಿ ಗಂಟೆಯೂ ಮುಖ್ಯ. ತಡವಾದಷ್ಟೂ ಮೊಣಕಾಲು ಕೆಡುತ್ತದೆ. ಹಾಗಾಗಿ ಮನೆಯಲ್ಲಿರುವ ಆ ಪುಡಿ ಬಹಳ ಬೆಲೆಯುಳ್ಳದ್ದು.

ಔಷಧದ ದ್ರಾವಣವನ್ನು ಮೊದಲು ಹೆಪ್ಪುಗಟ್ಟಿಸಿ, ಗಾಳಿಯನ್ನು ಹೀರಿ ತೆಗೆದ ಕೋಣೆಯಲ್ಲಿಡುತ್ತಾರೆ. ಆಗ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹಲವು ಕಂಪನಿಗಳು ಅದಕ್ಕೆ ಮೊದಲೇ ಒಂದಿಷ್ಟು ಸಕ್ಕರೆ ಸೇರಿಸಿರುತ್ತವೆ. ನೀರು ಹೋದ ಜಾಗದಲ್ಲಿ ಆ ಸಕ್ಕರೆ ಗಾಜಿನಂತೆ ಗಟ್ಟಿಯಾಗಿ ಪ್ರೋಟೀನನ್ನು ಅಲುಗದಂತೆ ಹಿಡಿದಿಡುತ್ತದೆ. (ನಮ್ಮ ಮಾಜೂನ್, ಖಮೀರಾಗಳು ಕೆಡದಿರುವುದೂ ಸಕ್ಕರೆ-ಜೇನಿನ ಪಾಕದಿಂದಲೇ, ಆದರೆ ಅದರ ರೀತಿ ಬೇರೆ.) ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಪೆಪ್ಪರ್‌ಮೆಂಟು ಅಂಟಂಟಾಗುವುದನ್ನು ನೀವು ನೋಡಿದ್ದೀರಲ್ಲ? ಬಿಸಿ ಹೆಚ್ಚಾದರೆ, ತೇವ ಸೇರಿದರೆ ಈ ಗಾಜೂ ಹಾಗೆಯೇ ಸಡಿಲವಾಗುತ್ತದೆ. ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತವೆ. ತೊಂದರೆ ಏನೆಂದರೆ, ಶಕ್ತಿ ಹೋದ ಪುಡಿಯೂ ನೋಡಲು ಮೊದಲಿನಂತೆಯೇ ಬೆಳ್ಳಗಿರಬಹುದು. ಕಣ್ಣಿನಿಂದ ನೋಡಿ ಹೇಳಲಾಗದು.

ಆದ್ದರಿಂದ ಲೆಕ್ಕ ಇಡಬೇಕು. ಸಾಮಾನ್ಯವಾಗಿ ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡುತ್ತಾರೆ. ಫ್ರಿಜ್‌ನ ಬಾಗಿಲಲ್ಲಿ ಬೇಡ, ಅಲ್ಲಿ ತಂಪು ಏರಿಳಿಯುತ್ತದೆ. ಫ್ರೀಜರ್‌ನಲ್ಲಂತೂ ಬೇಡವೇ ಬೇಡ. ಜೊತೆಗೆ ಕೊಟ್ಟ ನೀರು ಹೆಪ್ಪುಗಟ್ಟಿದರೆ ಅದರ ಸೀಸೆ ಬಿರುಕು ಬಿಡುತ್ತದೆ. ಬೆಳಕು ತಾಗದಂತೆ ಪೆಟ್ಟಿಗೆಯೊಳಗೇ ಇರಲಿ.

ಹಲವು ಫ್ಯಾಕ್ಟರ್‌ಗಳನ್ನು ಕೆಲವು ತಿಂಗಳು ಫ್ರಿಜ್‌ನ ಹೊರಗೂ ಇಡಬಹುದು. ಎಷ್ಟು ತಿಂಗಳು, 25 ಡಿಗ್ರಿಯವರೆಗೋ 30ರವರೆಗೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪೆಟ್ಟಿಗೆಯಲ್ಲಿರುವ ಚೀಟಿ ಓದಿ ಅಥವಾ ಓದಿಸಿಕೊಳ್ಳಿ. ಹೊರತೆಗೆದ ದಿನವನ್ನು ಪೆಟ್ಟಿಗೆಯ ಮೇಲೆ ಪೆನ್ನಿನಿಂದ ಬರೆಯಿರಿ. ಹಾಗೆ ಹೊರಗಿಟ್ಟದ್ದನ್ನು ಸಾಮಾನ್ಯವಾಗಿ ಮತ್ತೆ ಫ್ರಿಜ್‌ಗೆ ಸೇರಿಸುವಂತಿಲ್ಲ. ಇನ್ನೊಂದು ಮಾತು: ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮನೆಯೊಳಗೂ 30 ಡಿಗ್ರಿ ದಾಟುತ್ತದೆ. ಚೀಟಿಯಲ್ಲಿ 'ಕೋಣೆಯ ಉಷ್ಣಾಂಶ' ಎಂದಿದ್ದರೆ ಅದು ನಿಮ್ಮ ಅಡುಗೆಮನೆಯ ಉಷ್ಣಾಂಶವಲ್ಲ.

ಹಾಗೆಂದು ಎರಡು ಗಂಟೆ ಕರೆಂಟು ಹೋಯಿತೆಂದು ಔಷಧ ಎಸೆಯುವವರೂ ಇದ್ದಾರೆ. ಅದೂ ತಪ್ಪೇ. ಬಾಗಿಲು ತೆರೆಯದಿದ್ದರೆ ಫ್ರಿಜ್ ಅಷ್ಟು ಹೊತ್ತು ತಂಪಾಗಿಯೇ ಇರುತ್ತದೆ. ಒಣ ಪುಡಿ ಅಷ್ಟು ಬೇಗ ಸೋಲುವುದಿಲ್ಲ.

ಉಮ್ರಾಕ್ಕೋ ಗಲ್ಫಿಗೋ ಹೊರಟರೆ ಫ್ಯಾಕ್ಟರ್ ಕೈಚೀಲದಲ್ಲಿರಲಿ, ವೈದ್ಯರ ಪತ್ರವೂ ಜೊತೆಗಿರಲಿ. ಐಸ್ ಪ್ಯಾಕ್‌ಗೆ ಬಟ್ಟೆ ಸುತ್ತಿ, ಸೀಸೆಗೆ ನೇರವಾಗಿ ತಾಗದಂತೆ ಇಡಿ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಕೊಡುವ ಹೊತ್ತಿಗೆ ಪುಡಿ, ನೀರು ಎರಡರ ತಣ್ಣಗೂ ಬಿಡಲಿ. ಬೆರೆಸಿದ ಮೇಲೆ ಸೀಸೆಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ. ಕುಲುಕಿದರೆ ನೊರೆ ಬರುತ್ತದೆ, ಆ ನೊರೆಯಲ್ಲಿ ಪ್ರೋಟೀನು ಕೆಡುತ್ತದೆ. ನೀರು ಸೇರಿತೆಂದರೆ ಪುಡಿಗಿದ್ದ ರಕ್ಷಣೆ ಮುಗಿಯಿತು. ಹೆಚ್ಚಿನವನ್ನು 3 ಗಂಟೆಯೊಳಗೆ ಕೊಡಬೇಕು, ಉಳಿದದ್ದನ್ನು ನಾಳೆಗೆಂದು ಎತ್ತಿಡುವಂತಿಲ್ಲ.

ಪುಡಿಯ ಬಣ್ಣ ಬದಲಾಗಿದ್ದರೆ, ಬೆರೆಸಿದಾಗ ಕಣಗಳು ತೇಲಿದರೆ ಕೊಡಬೇಡಿ. ಸೀಸೆಯನ್ನು ಎಸೆಯದೆ, ಬ್ಯಾಚ್ ನಂಬರ್ ಇರುವ ಪೆಟ್ಟಿಗೆಯ ಸಮೇತ ಫ್ಯಾಕ್ಟರ್ ಕೊಟ್ಟ ಆಸ್ಪತ್ರೆಗೇ ಒಯ್ದು ತೋರಿಸಿ, ಮಗುವನ್ನೂ ಅದೇ ಗಾಡಿಯಲ್ಲಿ ಕರೆದೊಯ್ಯಿರಿ.